'ಲೋಕಲ್' ಎಂದು ಮೂಗು ಮುರಿಯುವವರೇ, ನಿಮ್ಮ ಎ.ಸಿ.ಯ ಗ್ಯಾಸ್ ಎಲ್ಲಿ ಹೋಯಿತು?

ಕನ್ನಡದಲ್ಲಿ ಬೈಗುಳಗಳಿಗೆ ಬರವಿಲ್ಲ. ನಮ್ಮಜ್ಜಿ ಒಂದೇ ಉಸಿರಿಗೆ ಹತ್ತು ಬೈಯುತ್ತಿದ್ದಳು, ಒಂದೂ ಎರಡನೆಯ ಸಲ ಬರುತ್ತಿರಲಿಲ್ಲ. ಅಂಥ ಶ್ರೀಮಂತ ಭಾಷೆಯ ವಾರಸುದಾರರಾದ ನಾವು ಈಚೆಗೆ ಒಂದು ಬೈಗುಳವನ್ನು ಹೊರಗಿನಿಂದ ಆಮದು ಮಾಡಿಕೊಂಡಿದ್ದೇವೆ. ಅದೇ 'ಲೋಕಲ್'!

"ಲೋಕಲ್ ಮೆಕ್ಯಾನಿಕ್ ಕೈಲಿ ಎ.ಸಿ. ಬಿಚ್ಚಿಸಿದಿರಾ? ಅಯ್ಯೋ, ಕೆಟ್ಟಿತು ಬಿಡಿ." "ಫ್ರಿಜ್ಜಿಗೆ ಲೋಕಲ್ ಹುಡುಗನನ್ನು ಕರೆಯಬೇಡಮ್ಮಾ, ನಾನು ಇಲ್ಲಿಂದಲೇ ಕಂಪೆನಿಗೆ ಕಂಪ್ಲೇಂಟ್ ಹಾಕುತ್ತೇನೆ." ಈ ಮಾತು ಹೇಳುತ್ತಿರುವವರು ಯಾರು? ದಿಲ್ಲಿಯವರಲ್ಲ, ಮುಂಬಯಿಯವರಲ್ಲ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದಿಂದ ರೈಲು ಹತ್ತಿ ಬೆಂಗಳೂರು ಸೇರಿ, ಅಲ್ಲಿ ಕುಳಿತು ಅಪ್ಪ-ಅಮ್ಮನಿಗೆ ಫೋನಿನಲ್ಲಿ ಬುದ್ಧಿ ಹೇಳುತ್ತಿರುವ ನಮ್ಮದೇ ಮಕ್ಕಳು! ನವೆಂಬರ್ ಬಂದರೆ ಎದೆಯ ಮೇಲೆ ಹಳದಿ-ಕೆಂಪು ಬಟ್ಟೆ ತೊಡುವ, ಅಂಗಡಿಯ ಫಲಕದಲ್ಲಿ ಕನ್ನಡ ಇಲ್ಲದಿದ್ದರೆ ಕೆರಳುವ ಅದೇ ಹುಡುಗ-ಹುಡುಗಿಯರು!

ಲೋಕಲ್ ಎಂದರೆ ಏನು ಸ್ವಾಮಿ? ಈ ಊರಿನವನು ಎಂದಲ್ಲವೆ? ಅವನ ಅಂಗಡಿ ಎಲ್ಲಿದೆ ಎಂದು ನಿಮಗೆ ಗೊತ್ತು, ಅವನ ಅಪ್ಪ ಯಾರೆಂದು ಗೊತ್ತು, ಕೆಲಸ ಕೆಡಿಸಿದರೆ ಸಂತೆಯಲ್ಲಿ ನಿಲ್ಲಿಸಿ ಕೇಳಬಹುದು ಎಂದೂ ಗೊತ್ತು. ಈ ಊರಿನವನು ಎನ್ನುವುದು ಯಾವ ದಿನದಿಂದ ಬೈಗುಳವಾಯಿತು? ಇಷ್ಟನ್ನು ಕೇಳಲು ನಾನು ಈ ಪತ್ರಿಕೆಯ ಪುಟ ಬೇಡಿದ್ದೇನೆ.

ಕಡೂರಿಗೆ ಎ.ಸಿ. ಯಾಕೆ ಎಂದು ಮಲೆನಾಡಿನವರು ನಗಬಹುದು. ನಮ್ಮದು ಹೆಸರಿಗೆ ಚಿಕ್ಕಮಗಳೂರು ಜಿಲ್ಲೆ. ಮಳೆಮೋಡಗಳು ಬಾಬಾಬುಡನ್‌ಗಿರಿಯ ಆಚೆಗೇ ತಮ್ಮ ಬಿಂದಿಗೆ ಬರಿದು ಮಾಡಿಕೊಂಡು, ಖಾಲಿ ಕೈಯಲ್ಲಿ ನಮ್ಮ ಕಡೆ ಬರುತ್ತವೆ. ಏಪ್ರಿಲ್ ತಿಂಗಳಲ್ಲಿ ಆರ್.ಸಿ.ಸಿ. ಮನೆಯ ಮೊದಲನೆಯ ಮಹಡಿಯಲ್ಲಿ ಒಂದು ರಾತ್ರಿ ಮಲಗಿ ನೋಡಿ, ಆಮೇಲೆ ನಗಿ. ಮನೆಯ ಮಾತು ಬಿಡಿ. ಬಿ.ಎಚ್. ರಸ್ತೆಯುದ್ದಕ್ಕೂ ಎಷ್ಟು ಮೆಡಿಕಲ್ ಶಾಪ್‌ಗಳಿವೆ? ಅವರ ಫ್ರಿಜ್ಜಿನಲ್ಲಿರುವ ಇನ್ಸುಲಿನ್, ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಫ್ರಿಜ್ಜು ಕೆಟ್ಟು ನಿಂತರೆ ಆ ಔಷಧಿಯ ಶಕ್ತಿ ಕುಂದಬಹುದು. ಸಕ್ಕರೆ ಕಾಯಿಲೆಯವನು ಅದನ್ನೇ ಚುಚ್ಚಿಕೊಂಡು, "ಸೂಜಿ ಹಾಕಿದರೂ ಇಳಿಯುತ್ತಿಲ್ಲ" ಎಂದು ಡಾಕ್ಟರನ್ನು ದೂರುತ್ತಾನೆ! ಹಾಗಾಗಿ ಒಳ್ಳೆಯ ಮೆಕ್ಯಾನಿಕ್ ಯಾರು ಎನ್ನುವುದು ಶೋಕಿಯವರ ಪ್ರಶ್ನೆಯಲ್ಲ.

ನನ್ನ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೋಣೆಗೊಂದು ಎ.ಸಿ. ಇದೆ. ಮೂರು ಬೇಸಿಗೆಯ ಹಿಂದೆ ಅದು ಬರೀ ಗಾಳಿ ಬೀಸತೊಡಗಿತು. ಕಾರ್ಡಿನಲ್ಲಿದ್ದ ಕಂಪೆನಿಯ ನಂಬರಿಗೆ ಫೋನ್ ಮಾಡಿದೆ. ಕಂಪೆನಿಯ ಹೆಸರು ಬೇಡ, ಹೇಳಿದರೆ ಇವರದೊಂದೇ ಹೀಗೆ ಎಂದು ತಿಳಿಯುತ್ತೀರಿ. "ಹಿಂದಿ ಕೆ ಲಿಯೆ ಏಕ್ ದಬಾಯಿಯೆ" ಎಂದಿತು. ಇಂಗ್ಲಿಷಿಗೆ ಎರಡು ಎಂದಿತು. ಮೂರು ಇರಲೇ ಇಲ್ಲ! ಕರ್ನಾಟಕದಲ್ಲಿ ಮಾರುವಾಗ ಅಂಗಡಿಯವನ ಬಾಯಲ್ಲಿ ಜೇನಿನಂಥ ಕನ್ನಡ. ಅದು ಕೆಟ್ಟಾಗ ಮಾತ್ರ ನಾವು ಹಿಂದಿ ಕಲಿತುಕೊಂಡು ಬರಬೇಕು. ಇದೆಲ್ಲಿಯ ನ್ಯಾಯ?

"ಕಡೂರು" ಎಂದೆ. "ಕೇರಳ ಮೇ ಹೈ ಕ್ಯಾ?" ಎಂದಳು ಆ ತಾಯಿ.

ನಾಲ್ಕನೆಯ ದಿನ ಒಬ್ಬ ಬಂದ. ಗೇಜು ಹಾಕಿದ, ತಲೆ ಅಲ್ಲಾಡಿಸಿದ, "ಗ್ಯಾಸ್ ಖತಂ" ಎಂದ. ಎಲ್ಲಿ ಸೋರುತ್ತಿದೆ ತೋರಿಸು ಎಂದೆ. ಸೋರಿಕೆ ಇಲ್ಲ, ಗ್ಯಾಸ್ "ಪುರಾನಾ" ಆಗಿದೆ ಎಂದ. ಹಳತಾಗಿದೆಯಂತೆ! ಮಜ್ಜಿಗೆ ಹುಳಿಯಾಗುವುದು ಕೇಳಿದ್ದೇನೆ, ಗ್ಯಾಸ್ ಹುಳಿಯಾಗುವುದನ್ನು ಅವತ್ತೇ ಕೇಳಿದ್ದು. ಬಂದ ಖರ್ಚು ಕೊಟ್ಟು ಕಳಿಸಿದೆ. ಅದೇ ಸಂಜೆ ಬೀರೂರಿನ ಒಬ್ಬ ಐ.ಟಿ.ಐ. ಹುಡುಗ ಬಂದು, ಒಳಗಿನ ಯೂನಿಟ್ಟಿನ ಹಿಂದೆ ತಾಮ್ರದ ಪೈಪು ಸೇರುವ ನಟ್ಟಿನ ಹತ್ತಿರ ಬೆರಳಾಡಿಸಿ ಎಣ್ಣೆಯ ಜಿಡ್ಡು ತೋರಿಸಿದ. ಸೋಪಿನ ನೊರೆ ಹಚ್ಚಿದ, ಗುಳ್ಳೆ ಎದ್ದಿತು. "ಇಲ್ನೋಡಿ ಅಣ್ಣ, ಇಲ್ಲಿ ಉಸಿರು ಬಿಡ್ತಾ ಇದೆ" ಎಂದ. ಈ ಒಂದು ವಾಕ್ಯಕ್ಕೆ ನಾನು ದುಡ್ಡು ಕೊಟ್ಟೆ ಎಂದರೂ ತಪ್ಪಿಲ್ಲ. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಅಗಲಿಸಿ ಬಿಗಿದ, ಪರೀಕ್ಷಿಸಿದ, ಗ್ಯಾಸು ತೂಗಿ ಹಾಕಿದ. ಅಲ್ಲಿಂದೀಚೆಗೆ ಮತ್ತೆ ಅದನ್ನು ಮುಟ್ಟಿಲ್ಲ.

ಈ ಗ್ಯಾಸಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಏಕೆಂದರೆ ಎ.ಸಿ. ಮತ್ತು ಫ್ರಿಜ್ಜಿನ ಹೆಸರಿನಲ್ಲಿ ನಡೆಯುವ ಮೋಸಗಳ ರಾಜ ಇದೇ. ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕೋಣೆಯಲ್ಲಿ ಆವಿಯಾಗುತ್ತಾ ಶಾಖ ಹೀರುತ್ತದೆ. ಹೊರಗೆ ಕಂಪ್ರೆಸರ್ ಅದನ್ನು ಒತ್ತಿದಾಗ ಆ ಶಾಖವನ್ನು ಉಗುಳಿ ದ್ರವವಾಗುತ್ತದೆ. ಎಲ್ಲೂ ತೂತಿಲ್ಲದಿದ್ದರೆ ಯಂತ್ರ ಸಾಯುವವರೆಗೂ ಅದೇ ಗ್ಯಾಸು ಸಾಕು. ಅಂದಮೇಲೆ 'ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು' ಎನ್ನುವವನು ಒಂದೋ ಕೆಲಸ ಕಲಿತಿಲ್ಲ, ಇಲ್ಲವೋ ನಿಮ್ಮ ಜೇಬು ಕಲಿತಿದ್ದಾನೆ. ಗ್ಯಾಸು ಕಡಿಮೆಯಾಗಿದ್ದರೆ ಅದು ಸೋರಿದೆ. ಸೋರಿದ ಜಾಗ ಮುಚ್ಚದೆ ಗ್ಯಾಸು ತುಂಬುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಇಪ್ಪತ್ತು ದಿನ ತಂಪು, ಇಪ್ಪತ್ತೊಂದನೆಯ ದಿನ ಮತ್ತೆ ಫೋನು, ಮತ್ತೆ ಮೂರು ಸಾವಿರ!

ತಂಪಾಗದಿರಲು ಗ್ಯಾಸೇ ಕಾರಣವಾಗಬೇಕಿಲ್ಲ. ಫಿಲ್ಟರ್ ತುಂಬ ಧೂಳು ಕೂತಿರಬಹುದು. ಹೊರಗಿನ ಯೂನಿಟ್ಟಿನ ಜಾಲರಿಗೆ ತೆಂಗಿನ ನಾರು, ಪಾರಿವಾಳದ ಗೂಡು ಅಡ್ಡ ಬಂದಿರಬಹುದು. ನಮ್ಮ ಕಡೆ ಬೇಸಿಗೆಯ ಸಂಜೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜು ಬಿದ್ದು ಕಂಪ್ರೆಸರ್ ತಿಣುಕುತ್ತಿರಬಹುದು. ಅಥವಾ ಕೆಪ್ಯಾಸಿಟರ್ ಹೋಗಿರಬಹುದು. ಅದು ಕೆಲವು ನೂರು ರೂಪಾಯಿಯ ಡಬ್ಬಿ, ಕಂಪ್ರೆಸರನ್ನು ಎಬ್ಬಿಸುವುದು ಅದೇ. ಅದು ಸತ್ತಾಗ 'ಕಂಪ್ರೆಸರೇ ಹೋಯಿತು' ಎಂದು ಸಾವಿರಗಟ್ಟಲೆ ಬಿಲ್ಲು ಎಳೆಯುವ ಮಹಾನುಭಾವರಿದ್ದಾರೆ. ಬಂದವನು ಮೊದಲು ಏನನ್ನು ಮುಟ್ಟುತ್ತಾನೆ ನೋಡಿ. ಕ್ಲಾಂಪ್ ಮೀಟರ್ ತೆಗೆದು ಕರೆಂಟು ಅಳೆದು, ಫಿಲ್ಟರ್ ಕಳಚಿ, ಹೊರಗಿನ ಯೂನಿಟ್ಟಿನ ಹತ್ತಿರ ಕಿವಿ ಇಟ್ಟರೆ ಅವನು ಕೆಲಸಗಾರ. ಚೀಲ ಇಳಿಸುವ ಮೊದಲೇ 'ಗ್ಯಾಸ್ ಹೋಗಿದೆ ಸಾರ್' ಎಂದರೆ ಅವನ ಚೀಲವನ್ನು ಅವನ ಹೆಗಲಿಗೇ ಏರಿಸಿ ಕಳಿಸಿ.

ಇಲ್ಲೊಂದು ಮಾತು ಹೇಳದೆ ಇರಲಾರೆ, ಅಚ್ಚಿನ ಮನೆಯವನಿಗೆ ಅಷ್ಟು ಜಂಬ ಇರಲಿ ಬಿಡಿ. ಈ ಎ.ಸಿ. ಹುಟ್ಟಿದ್ದೇ ಒಂದು ಪ್ರಿಂಟಿಂಗ್ ಪ್ರೆಸ್ಸಿಗಾಗಿ! ಮನುಷ್ಯನ ಬೆವರು ಒರೆಸಲಿಕ್ಕಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ 'ರಿಜಿಸ್ಟರ್ ಔಟ್'. ಮದುವೆ ಕಾರ್ಡಿನ ಗಣಪತಿಗೆ ಎರಡು ಸೊಂಡಿಲು ಕಂಡರೆ ಅದೇ ರೋಗ. ವಿಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದು ವರ್ಷದ ಇಂಜಿನಿಯರು ಗಾಳಿಯ ತೇವವನ್ನು ಹಿಡಿತದಲ್ಲಿಡುವ ಯಂತ್ರದ ನಕ್ಷೆ ಹಾಕಿದ. ನಿಮ್ಮ ಬೆಡ್‌ರೂಮಿನ ಎ.ಸಿ.ಯ ತಾತ ಅದೇ. ಆ ಹುಡುಗ 'ಕಾಗದ ಪುರಾನಾ ಆಗಿದೆ, ಬೇರೆ ತನ್ನಿ' ಎನ್ನಲಿಲ್ಲ, ಕಾಗದ ಯಾಕೆ ಹಿಗ್ಗಿತು ಎಂದು ಕೇಳಿದ. ನಿಮ್ಮ ಮನೆಗೆ ಬರುವವನಿಂದ ಅಷ್ಟನ್ನೇ ಕೇಳಿ: ಯಾಕೆ?

ಈ 'ಯಾಕೆ' ಎನ್ನುವ ಪ್ರಶ್ನೆ ಬಂದ ಕೂಡಲೇ ಭಾಷೆ ಬರುತ್ತದೆ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯ ತಾಯಿ ಇದ್ದಾರೆ, ಕನ್ನಡ ಬಿಟ್ಟು ಬೇರೆ ಬಾರದು. ಮಗ ಬೆಂಗಳೂರಿನಿಂದ ಆನ್‌ಲೈನಿನಲ್ಲಿ ಕಂಪ್ಲೇಂಟ್ ಹಾಕಿದ. ಬಂದವನಿಗೆ ಕನ್ನಡ ಬಾರದು. ಅವರು 'ಯಾಕಪ್ಪಾ' ಎಂದರೆ ಅವನು ನಕ್ಕ. ಇಂಗ್ಲಿಷ್ ಕಾಗದದ ಮೇಲೆ ಸಹಿ ತೋರಿಸಿದ, ಅವರು ಹಾಕಿದರು. ಮೊಬೈಲಿಗೆ ಬಂದ ನಾಲ್ಕಂಕಿಯ ಒ.ಟಿ.ಪಿ. ಕೇಳಿದ, ಕೊಟ್ಟರು. ಆ ಅಂಕಿಗೆ ಕೆಲವು ಕಂಪೆನಿಗಳು ಇಟ್ಟಿರುವ ಹೆಸರು 'ಹ್ಯಾಪಿ ಕೋಡ್'! ಅದನ್ನು ಕೊಟ್ಟರೆ 'ಕೆಲಸ ಮುಗಿದಿದೆ, ಗ್ರಾಹಕರಿಗೆ ತೃಪ್ತಿಯಾಗಿದೆ' ಎಂದು ದಾಖಲಾಗಿ ದೂರು ಮುಚ್ಚಿಹೋಗುತ್ತದೆ. ತಾಯಿಗೆ ತೃಪ್ತಿಯಾಗಿದೆ ಎಂದು ಕಂಪೆನಿಗೆ ಗೊತ್ತು, ತಾಯಿಗೇ ಗೊತ್ತಿಲ್ಲ! ಮರುದಿನ ಫ್ರಿಜ್ಜಿನ ಹಾಲು ಒಡೆಯಿತು. ಮಗ ಮತ್ತೆ ಫೋನ್ ಮಾಡಿದರೆ 'ನಿಮ್ಮ ಹಳೆಯ ದೂರು ಇತ್ಯರ್ಥವಾಗಿದೆ' ಎಂಬ ಉತ್ತರ. ಯಂತ್ರ ತಣ್ಣಗಾಗಿ ಒಂದು ಗಂಟೆ ಓಡಿದ ಮೇಲಷ್ಟೇ ಆ ಅಂಕಿ ಕೊಡಬೇಕು ಎಂದು ಅವರಿಗೆ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ? ಮಗನಾದರೂ ಹೇಳಬಹುದಿತ್ತಲ್ಲ!

ಹೊಟ್ಟೆಪಾಡಿಗೆ ಬಿಹಾರ, ಉತ್ತರಪ್ರದೇಶದಿಂದ ಬಂದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಯಾರದೋ ಮನೆಯ ಮಗ, ಮೂರನೆಯ ಮಹಡಿಯ ಗೋಡೆಯಾಚೆ ಹಗ್ಗವಿಲ್ಲದೆ ನೇತಾಡಿ ಕೆಲಸ ಮಾಡುತ್ತಾನೆ. ನನ್ನ ಸಿಟ್ಟು ಅವನಿಗೆ ನಾಲ್ಕು ವಾರ ಕನ್ನಡ ಕಲಿಸದೆ ನಮ್ಮ ಮನೆ ಬಾಗಿಲಿಗೆ ತಳ್ಳಿದ ಕಂಪೆನಿಯ ಮೇಲೆ. 'ವಾಯು ನಿಯಂತ್ರಕ ಯಂತ್ರದ ಶೈತ್ಯಕಾರಕ ಅನಿಲ' ಎಂದು ಅವನು ಪಂಡಿತರ ಹಾಗೆ ಮಾತಾಡಬೇಕು ಎಂದು ಯಾರೂ ಕೇಳುತ್ತಿಲ್ಲ. 'ಪೈಪು ಲೀಕಾಗಿದೆ, ಇಷ್ಟು ಖರ್ಚು' ಎಂದರೆ ನಮಗೆ ಅದೇ ಅಚ್ಚ ಕನ್ನಡ.

ಕಾನೂನು ನಮ್ಮ ಕಡೆ ಇದೆಯೇ? ಅರ್ಧ ಇದೆ, ಅರ್ಧ ಇಲ್ಲ. ಕೇಂದ್ರದ ಪೊಟ್ಟಣ ಸಾಮಗ್ರಿಗಳ ನಿಯಮ 2011ರದ್ದು. ಪೊಟ್ಟಣದ ಮೇಲಿನ ವಿವರ ದೇವನಾಗರಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು, ಬೇರೆ ಭಾಷೆ ಜೊತೆಗೆ ಹಾಕಿಕೊಂಡರೆ ಅಡ್ಡಿಯಿಲ್ಲ ಎನ್ನುತ್ತದೆ. 'ಅಡ್ಡಿಯಿಲ್ಲ'! ನಮ್ಮ ನೆಲದಲ್ಲಿ ನಮ್ಮ ನುಡಿಗೆ ಸಿಕ್ಕ ಮರ್ಯಾದೆ ನೋಡಿ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ಇಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು ಮತ್ತು ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎಂದು ಹೇಳುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದಕ್ಕೆ ಆದೇಶವನ್ನೂ ಹೊರಡಿಸಿತು. ಸಂತೋಷ. ಆದರೆ ಎ.ಸಿ. ತಯಾರಾಗುವುದು ಹೆಚ್ಚಾಗಿ ಆಂಧ್ರದ ಶ್ರೀಸಿಟಿ, ರಾಜಸ್ಥಾನದ ನೀಮ್ರಾಣಾದಂಥ ಜಾಗಗಳಲ್ಲಿ. ಇಲ್ಲಿ ತಯಾರಾಗದೆ ಇಲ್ಲಿ ಮಾರಾಟವಾಗುವ ಪೆಟ್ಟಿಗೆಯೊಳಗಿನ ಪುಸ್ತಕಕ್ಕೆ ಆ ಆದೇಶ ತಟ್ಟುವುದೇ ಇಲ್ಲ! ಆ ಪುಸ್ತಕದಲ್ಲಿ ಹಿಂದಿ ಇರುತ್ತದೆ, ಇಂಗ್ಲಿಷ್ ಇರುತ್ತದೆ, ಒಮ್ಮೊಮ್ಮೆ ಅರಬ್ಬಿಯೂ ಇರುತ್ತದೆ. ಕನ್ನಡ ಎರಡು ಪುಟ ಸೇರಿಸಲು ಎಷ್ಟು ಖರ್ಚು ಎಂದು ನನ್ನನ್ನು ಕೇಳಿ. ಲಕ್ಷ ಪ್ರತಿ ಹೊಡೆಯುವಾಗ ಅದು ಒಂದು ಚಾಕೊಲೇಟಿನ ಬೆಲೆಯೂ ಅಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾತ್ರ ನಮ್ಮ ಹಲ್ಲು ಗಟ್ಟಿಯಾಗಿದೆ. 2019ರ ಈ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಮಾಡಿದ ಕೆಲಸಕ್ಕೆ ಬಿಲ್ಲು ಅಥವಾ ರಸೀದಿ ಕೊಡದಿರುವುದೂ ಅದರಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಕಂಪೆನಿಯ ಕಚೇರಿ ಗುರಗಾಂವಿನಲ್ಲಿರಲಿ, ಮುಂಬಯಿಯಲ್ಲಿರಲಿ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಡೂರಿನವರಿಗೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹೋಗಬೇಕು ಅಷ್ಟೆ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಸರ್ಕಾರದ ಸಹಾಯವಾಣಿಗೆ ಬರುವ ಕನ್ನಡ ಕೋಟಿಗಟ್ಟಲೆ ಲಾಭ ಮಾಡುವ ಕಂಪೆನಿಗೆ ಬಾರದೆ?

ಆದರೆ ಆಯೋಗದ ಮುಂದೆ ಇಡಲು ಕಾಗದ ಬೇಕಲ್ಲ! ಇಲ್ಲಿ ನನ್ನ ಸಿಟ್ಟು ನಮ್ಮ ಹುಡುಗರ ಕಡೆಗೆ ತಿರುಗುತ್ತದೆ. ಕನ್ನಡದವನು ಎಂದ ಮಾತ್ರಕ್ಕೆ ಪ್ರಾಮಾಣಿಕ ಎಂದು ನಾನು ಬರೆದುಕೊಡಲಾರೆ. ಇಪ್ಪತ್ತೈದು ವರ್ಷದಿಂದ ಈ ಸುತ್ತಿನ ಅಂಗಡಿಗಳಿಗೆ ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು, ಸ್ಟಿಕ್ಕರ್ ಅಚ್ಚು ಹಾಕುತ್ತಿದ್ದೇನೆ. ಯಾರು ಏನು ಅಚ್ಚು ಹಾಕಿಸುತ್ತಾರೆ ನೋಡಿದರೆ ಸಾಕು, ಯಾರು ಎಂಥವರು ಎಂದು ನನಗೆ ಅರ್ಧ ತಿಳಿಯುತ್ತದೆ. ಎ.ಸಿ., ಫ್ರಿಜ್ಜು, ವಾಷಿಂಗ್ ಮೆಷಿನ್ ರಿಪೇರಿಯ ಹುಡುಗರು ಬರುತ್ತಾರೆ. "ಅಣ್ಣ, ಸಾವಿರ ಸ್ಟಿಕ್ಕರ್ ಹೊಡೀರಿ, ನಂಬರ್ ದೊಡ್ಡದಾಗಿ ಬರಲಿ." ಆ ಸ್ಟಿಕ್ಕರು ಮೆಸ್ಕಾಂ ಕಂಬದಿಂದ ಹಿಡಿದು ಸಾರ್ವಜನಿಕ ಶೌಚಾಲಯದವರೆಗೆ ಅಂಟುತ್ತದೆ. "ಬಿಲ್ ಬುಕ್ ಬೇಡವೇನಪ್ಪಾ?" ಎಂದರೆ, "ಜಿ.ಎಸ್.ಟಿ. ಇಲ್ಲ ಅಣ್ಣ" ಎಂದು ನಗುತ್ತಾರೆ. ಇದೆಂಥ ಮಾತು? ಬರೀ ರಿಪೇರಿ ಕೆಲಸದ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದವನಿಗೆ ಜಿ.ಎಸ್.ಟಿ. ನೋಂದಣಿಯೇ ಬೇಡ. ನೋಂದಣಿ ಇಲ್ಲದವನು ತೆರಿಗೆ ಹಾಕುವಂತಿಲ್ಲ ಅಷ್ಟೇ, ರಸೀದಿ ಕೊಡಬಾರದು ಎಂದು ಯಾವ ಕಾನೂನು ಹೇಳಿದೆ? ನಂಬರ್ ಹೊಡೆದ, ಕಾರ್ಬನ್ ಇಟ್ಟು ಬರೆಯುವ ಒಂದು ಪುಸ್ತಕ ಅಂಗಡಿಯಲ್ಲಿದ್ದರೆ ಆ ಅಂಗಡಿಯವನು ಮುಂದಿನ ವರ್ಷವೂ ಇದೇ ಊರಿನಲ್ಲಿ ಇರಲು ತೀರ್ಮಾನಿಸಿದ್ದಾನೆ ಎಂದು ಅರ್ಥ. ಸ್ಟಿಕ್ಕರ್ ಮಾತ್ರ ಅಂಟಿಸುವವನ ನಂಬರು ಮುಂದಿನ ಬೇಸಿಗೆಗೆ ಸ್ವಿಚ್ ಆಫ್!

ಇನ್ನೊಂದು, ಇದು ಜೀವದ ಮಾತು, ಸರಿಯಾಗಿ ಕೇಳಿ. ಹಳೆಯ ಎ.ಸಿ.ಗಳಲ್ಲಿ ಇದ್ದದ್ದು ಆರ್-22 ಎಂಬ ಗ್ಯಾಸು. ಓಜೋನ್ ಪದರ ಹಾಳಾಗುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ದೆಸೆಯಿಂದ ಅದು ಹಿಂದೆ ಸರಿಯುತ್ತಿದೆ. ಈಗಿನ ಹೆಚ್ಚಿನ ಎ.ಸಿ.ಗಳಲ್ಲಿ ಆರ್-32, ಕೆಲವದರಲ್ಲಿ ಆರ್-290. ಹೊಸ ಫ್ರಿಜ್ಜುಗಳಲ್ಲಿ ಆರ್-600ಎ. ಆರ್-22 ಹೊತ್ತಿ ಉರಿಯುವಂಥದ್ದಲ್ಲ, ಇವು ಉರಿಯುತ್ತವೆ. ಆರ್-290 ಎಂದರೆ ಪ್ರೊಪೇನ್, ಆರ್-600ಎ ಎಂದರೆ ಐಸೋಬ್ಯೂಟೇನ್, ಎರಡೂ ಅಡುಗೆ ಗ್ಯಾಸಿನ ಅಣ್ಣತಮ್ಮಂದಿರು. ಆರ್-22ರ ಕಾಲದಲ್ಲಿ ಕಲಿತು, ಬಾಯಲ್ಲಿ ಬೀಡಿ ಇಟ್ಟುಕೊಂಡು ಪೈಪು ಬೆಸೆಯುವವನು ಇವತ್ತಿನ ಯಂತ್ರದ ಮುಂದೆ ಕೂತರೆ ಮನೆಯವರ ಗತಿ? ಯಾವ ಗ್ಯಾಸು, ಎಷ್ಟು ಗ್ರಾಂ ಎನ್ನುವುದು ಹೊರಗಿನ ಯೂನಿಟ್ಟಿನ ತಗಡಿನ ಮೇಲೆ ಅಚ್ಚಾಗಿರುತ್ತದೆ. ಬಂದವನು ಅದನ್ನು ಓದುತ್ತಾನಾ ನೋಡಿ. ತೂಕದ ಯಂತ್ರ ತಂದಿದ್ದಾನಾ ನೋಡಿ, ಅಂದಾಜಿನ ಮೇಲೆ ತುಂಬಿಸುವವನು ಬೇಡ. ಪೈಪು ಒತ್ತಡಕ್ಕೆ ತಡೆಯುತ್ತದೆಯೇ ಎಂದು ನೈಟ್ರೋಜನ್ ಹಾಕಿ ನೋಡಬೇಕು, ಗ್ಯಾಸು ತುಂಬುವ ಮೊದಲು ವ್ಯಾಕ್ಯೂಮ್ ಪಂಪು ಹಚ್ಚಿ ಒಳಗಿನ ಗಾಳಿ-ತೇವ ಎಳೆಯಬೇಕು. ನೈಟ್ರೋಜನ್ ಸಿಗಲಿಲ್ಲವೆಂದು ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ತಗುಲಿಸುವವನನ್ನು ಆ ಕ್ಷಣವೇ ತಡೆಯಿರಿ. ಒಳಗಿನ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಕಂಪ್ರೆಸರ್ ಬಾಂಬಾಗುತ್ತದೆ.

ಸ್ನಾನದ ಮನೆಯ ಗೀಸರಿನದೂ ಇದೇ ಕಥೆ. ಹಿಂದೆ ಬಚ್ಚಲ ಒಲೆ, ತಾಮ್ರದ ಹಂಡೆ. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಕೆಮ್ಮಿ ಹೊರಗೆ ಬರುತ್ತಿದ್ದೆವು. ಈಗಿನ ಗ್ಯಾಸ್ ಗೀಸರು ಗಾಳಿಯಿಲ್ಲದ ಕೋಣೆಯಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ನಿಂತವರು ಕುಸಿದ ಮೇಲೆಯೇ ಮನೆಯವರಿಗೆ ತಿಳಿಯುವುದು. ನಮ್ಮ ರಾಜ್ಯದಲ್ಲಿ ಹೀಗೆ ಸತ್ತವರ ಸುದ್ದಿ ಚಳಿಗಾಲ ಬಂದರೆ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಕೂರಿಸಬೇಕು. 'ಒಳಗೇ ಇರಲಿ, ಪೈಪು ಉಳಿಯುತ್ತೆ' ಎನ್ನುವವನು ಪೈಪು ಉಳಿಸಿ ನಿಮ್ಮನ್ನು ಕಳೆಯುತ್ತಾನೆ. ಕರೆಂಟಿನ ಗೀಸರಾದರೆ ಅರ್ಥಿಂಗ್ ಇದೆಯೇ, ಒತ್ತಡ ಬಿಡುವ ಸೇಫ್ಟಿ ವಾಲ್ವು ಕಟ್ಟಿಕೊಂಡಿದೆಯೇ ಎಂದು ನೋಡದೆ ಬರೀ ಕಾಯಿಲ್ ಬದಲಿಸಿ ಹೋಗುವವನನ್ನು ನಂಬಬೇಡಿ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಕಾಯಿಲಿನ ಮೇಲೆ ಸುಣ್ಣದ ಕವಚ ಕಟ್ಟುವುದು ಗ್ಯಾರಂಟಿ. ಅದು ಗುಜರಾತಿನಲ್ಲೋ ಹಿಮಾಚಲದಲ್ಲೋ ಕೂತು ಪುಸ್ತಕ ಬರೆದವನಿಗೆ ಗೊತ್ತಿಲ್ಲ, ನಮ್ಮ 'ಲೋಕಲ್' ಹುಡುಗನಿಗೆ ಗೊತ್ತು!

ಹಾಗಾದರೆ ವಾರಂಟಿ ಇರುವಾಗಲೂ ಕಂಪೆನಿಯವನನ್ನು ಕರೆಯಬಾರದೇ ಎಂದು ಕೇಳಬಹುದು. ಕರೆಯಿರಿ, ದುಡ್ಡು ಕೊಟ್ಟಿದ್ದೀರಿ. ಹೊರಗಿನವರು ಬಿಚ್ಚಿದರೆ ವಾರಂಟಿ ಇಲ್ಲ ಎಂದು ಕಾರ್ಡಿನಲ್ಲಿ ಬರೆದಿರುತ್ತಾರೆ, ಅದನ್ನು ಓದಿಕೊಳ್ಳಿ. ಆದರೆ ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ಉಳಿಯುವುದು ಕಂಪ್ರೆಸರಿನ ವಾರಂಟಿ, ಹೆಚ್ಚೆಂದರೆ ಸರ್ಕೀಟು ಹಲಗೆಯದು. ಗ್ಯಾಸು, ಕೂಲಿ ನಿಮ್ಮ ತಲೆಗೇ. 'ಹತ್ತು ವರ್ಷ ವಾರಂಟಿ' ಎಂದು ಕುಣಿಯುವವರು ಈ ಸಾಲನ್ನು ಓದಿರುವುದಿಲ್ಲ, ಏಕೆಂದರೆ ಅದು ಆರು ಪಾಯಿಂಟಿನ ಇಂಗ್ಲಿಷಿನಲ್ಲಿರುತ್ತದೆ. ಆರು ಪಾಯಿಂಟ್ ಎಷ್ಟು ಸಣ್ಣದು ಎಂದು ನಾನು ಬಲ್ಲೆ. ಓದಬಾರದು ಎಂದು ಬಯಸಿದಾಗ ಹಾಕಿಸುವ ಅಕ್ಷರ ಅದು. ಕಂಪೆನಿಯ ನಂಬರನ್ನು ಕಾರ್ಡಿನಿಂದಲೇ ತೆಗೆದುಕೊಳ್ಳಿ, ಮೊಬೈಲಿನಲ್ಲಿ ಹುಡುಕಬೇಡಿ. ಕಂಪೆನಿಯ ಹೆಸರಿನಲ್ಲಿ ಸುಳ್ಳು ನಂಬರು ಹಾಕಿ, 'ಹತ್ತು ರೂಪಾಯಿ ಕಳಿಸಿ, ಈ ಆಪ್ ಹಾಕಿಕೊಳ್ಳಿ' ಎಂದು ಬ್ಯಾಂಕ್ ಖಾತೆ ಗುಡಿಸುವ ಕಳ್ಳರಿದ್ದಾರೆ. ಬಲೆಗೆ ಬಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ.

ಬೆಂಗಳೂರಿನ ತಮ್ಮಂದಿರೇ, ತಂಗಿಯರೇ, ಅಪಾರ್ಟ್‌ಮೆಂಟಿನಲ್ಲಿ ಇನ್ನೂರು ಮನೆ, ಇನ್ನೂರು ಎ.ಸಿ. ಇರುತ್ತವೆ. ಸಂಘದವರು ಒಟ್ಟಿಗೆ ವರ್ಷದ ಗುತ್ತಿಗೆ ಕೊಡುತ್ತಾರೆ. ಆ ಸಭೆಯಲ್ಲಿ ಕನ್ನಡದ ಹುಡುಗ ಮೂಲೆಯಲ್ಲಿ ಕೂತು ಮೊಬೈಲು ತೀಡುತ್ತಿರುತ್ತಾನೆ! ಏಳಿ, ಬಾಯಿ ಬಿಡಿ. ಐ.ಟಿ.ಐ.ನಲ್ಲಿ ಎರಡು ವರ್ಷದ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಕೋರ್ಸು ಮುಗಿಸಿದ ಎಷ್ಟು ಹುಡುಗರು ಈ ಗುತ್ತಿಗೆದಾರನ ಹತ್ತಿರ ಇದ್ದಾರೆ ಎಂದು ಕೇಳಿ. ಕೇಂದ್ರ ಸರ್ಕಾರ 2019ರ ಮಾರ್ಚ್‌ನಲ್ಲಿ ಕೂಲಿಂಗ್ ಆಕ್ಷನ್ ಪ್ಲಾನ್ ಎಂಬುದನ್ನು ಹೊರಡಿಸಿ, 2022-23ರೊಳಗೆ ಒಂದು ಲಕ್ಷ ರಿಪೇರಿ ಕೆಲಸಗಾರರಿಗೆ ತರಬೇತಿ, ಸರ್ಟಿಫಿಕೇಟು ಎಂದು ಗುರಿ ಇಟ್ಟಿತ್ತು. ನಿಮ್ಮ ಗುತ್ತಿಗೆದಾರನ ಹುಡುಗರಲ್ಲಿ ಒಬ್ಬನ ಕೈಯಲ್ಲಾದರೂ ಅಂಥ ಸರ್ಟಿಫಿಕೇಟು ಇದೆಯೇ? ಮನೆಯವರಿಗೆ ಕನ್ನಡದಲ್ಲಿ ವಿವರಿಸಬಲ್ಲವನು ಒಬ್ಬನಾದರೂ ತಂಡದಲ್ಲಿರಬೇಕು ಎಂದು ಕರಾರಿನಲ್ಲಿ ಬರೆಸಿ. ಆಪ್‌ನಲ್ಲಿ ಕರೆಯುವುದಾದರೂ ಕರೆಯಿರಿ, ಬಂದವನ ಜೊತೆ ನೀವೇ ಮೊದಲು ಕನ್ನಡದಲ್ಲಿ ಮಾತಾಡಿ. ಎಷ್ಟೋ ಸಲ ಅವನು ನಮ್ಮ ತರೀಕೆರೆಯವನೇ ಆಗಿರುತ್ತಾನೆ. ನೀವು ಹಿಂದಿಯಲ್ಲಿ, ಅವನು ಹಿಂದಿಯಲ್ಲಿ, ಇಬ್ಬರು ಕನ್ನಡಿಗರು ಒಂದು ಎ.ಸಿ. ಕೆಳಗೆ ನಿಂತು ತಪ್ಪು ತಪ್ಪು ಹಿಂದಿಯಲ್ಲಿ ಒದ್ದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಗಬೇಕೋ ಅಳಬೇಕೋ!

ನಾನು ಪಿ.ಯು.ಸಿ. ಮುಗಿಸಿ ಮೊಳೆ ಜೋಡಿಸಲು ಇಳಿದವನು, ಭಾಷಣ ಮಾಡಿ ಎದ್ದುಹೋಗುವ ಅಭ್ಯಾಸವಿಲ್ಲ. ಕೆಲಸದ ಮಾತು ಹೇಳುತ್ತೇನೆ. ರಿಪೇರಿಯವರಿಗಾಗಿ ಒಂದು ಕನ್ನಡ ಬಿಲ್ಲಿನ ನಮೂನೆ ಕಂಪೋಸ್ ಮಾಡಿಟ್ಟಿದ್ದೇನೆ. ಐವತ್ತು ಹಾಳೆ, ಎರಡು ಪ್ರತಿ, ನಂಬರ್ ಹೊಡೆದದ್ದು. ಮೇಲೆ ಅಂಗಡಿಯ ವಿಳಾಸ. ಕೆಳಗೆ ಯಂತ್ರದ ಹೆಸರು, ಬಂದಾಗ ಏನು ದೂರು ಇತ್ತು, ಏನು ಕಂಡಿತು, ಸೋರಿಕೆ ಎಲ್ಲಿತ್ತು, ಯಾವ ಗ್ಯಾಸು, ಎಷ್ಟು ಗ್ರಾಂ, ಬದಲಿಸಿದ ಸಾಮಾನು, ಹಳೆಯ ಸಾಮಾನು ವಾಪಸು ಕೊಟ್ಟಿದೆಯೇ, ಕೂಲಿ ಎಷ್ಟು, ಎಷ್ಟು ದಿನದೊಳಗೆ ಮತ್ತೆ ಕೆಟ್ಟರೆ ಪುಕ್ಕಟೆ ನೋಡಿಕೊಡಬೇಕು. ಅಕ್ಷರ ಹನ್ನೆರಡು ಪಾಯಿಂಟು, ಅಜ್ಜಿಗೂ ಕಾಣುತ್ತದೆ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಯಾವ ಮೆಕ್ಯಾನಿಕ್ ಬಂದರೂ ಮೊದಲನೆಯ ಎರಡು ಪುಸ್ತಕಕ್ಕೆ ಕಾಗದದ ದುಡ್ಡು ಮಾತ್ರ ತೆಗೆದುಕೊಳ್ಳುತ್ತೇನೆ. ಅಚ್ಚಿನ ಕೂಲಿ ಬೇಡ. ಭಾನುವಾರ ಬಿಟ್ಟು ಯಾವ ದಿನವಾದರೂ ಬರಲಿ.